ಸುಣ್ಣದಲ್ಲಿ ಓದುವುದೇನಿದೆ

ಕ್ಯಾಲ್ಸಿಯಂ ಎಂದರೆ ಮೂಳೆ, ಹಲ್ಲು, ಹಾಲು. ಜಂಗಮಕೋಟೆ ಕಡೆಯವರಿಗೆ ಇನ್ನೊಂದೂ ನೆನಪಾಗುತ್ತದೆ: ರೇಷ್ಮೆ ಹುಳು ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂತಾಗ ಹಾಸಿಗೆ ಒಣಗಲೆಂದು ಉದುರಿಸುವ ಸುಣ್ಣ. ನನ್ನ ಸಂಶೋಧನೆ ಕ್ಯಾಲ್ಸಿಯಂ ಮೇಲೆ ಎಂದು ಹೇಳಿದಾಗ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದ ನಮ್ಮತ್ತೆ, "ಸುಣ್ಣದಲ್ಲೇನಮ್ಮ ಇಷ್ಟ್ ವರ್ಷ ಓದೋದು?" ಎಂದು ಕೇಳಿದ್ದರು. ಸರಿಯಾದ ಪ್ರಶ್ನೆ. ಅದಕ್ಕೆ ಅವತ್ತು ಅರ್ಧ ಉತ್ತರವನ್ನಷ್ಟೇ ಕೊಟ್ಟಿದ್ದೆ. ಉಳಿದರ್ಧ ನನಗೇ ತಿಳಿಯಲು ಕಾಲ ಹಿಡಿಯಿತು.

ನಾನು ಓದಿದ್ದು ಮೂಳೆಯಲ್ಲಿ ಕೂತಿರುವ ಕ್ಯಾಲ್ಸಿಯಮ್ಮನ್ನಲ್ಲ, ಜೀವಕೋಶದೊಳಗೆ ಇದ್ದೂ ಇಲ್ಲದಂತಿರುವ ಕ್ಯಾಲ್ಸಿಯಮ್ಮನ್ನು. ಕೋಶದ ಹೊರಗಿನ ದ್ರವದಲ್ಲಿ ಅದು ಒಂದು ಮಿಲಿಮೋಲಾರ್‌ಗಿಂತ ತುಸು ಹೆಚ್ಚು. ಒಳರಸದಲ್ಲಿ ಸುಮಾರು 100 ನ್ಯಾನೋಮೋಲಾರ್, ಅಂದರೆ ಹತ್ತಿರ ಹತ್ತಿರ 10,000 ಪಟ್ಟು ಕಡಿಮೆ. ಈ ವ್ಯತ್ಯಾಸ ತಾನಾಗಿ ಉಳಿಯುವುದಿಲ್ಲ. ಕೋಶದ ಪೊರೆಯಲ್ಲಿರುವ ಪಂಪುಗಳು ಕ್ಯಾಲ್ಸಿಯಮ್ಮನ್ನು ಹೊರಕ್ಕೆ ತಳ್ಳುತ್ತವೆ. ಒಳಗಿನ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿನ ಪಂಪುಗಳು ಕೋಶದ ಇಂಧನವಾದ ಎಟಿಪಿಯ ಒಂದು ಅಣುವಿಗೆ ಎರಡು ಕ್ಯಾಲ್ಸಿಯಂ ಲೆಕ್ಕದಲ್ಲಿ ಅದನ್ನು ಎಳೆದು ಕೂಡಿಡುತ್ತವೆ. ಮಟ್ಟ ಅಷ್ಟು ತಗ್ಗಿರುವುದರಿಂದಲೇ ಕೊಂಚ ಒಳಬಂದರೂ ಕೋಶಕ್ಕೆ ಗೊತ್ತಾಗುತ್ತದೆ. ಸ್ನಾಯು ಬಿಗಿಯುತ್ತದೆ, ನರ ತನ್ನ ರಾಸಾಯನಿಕವನ್ನು ಹೊರಗೆ ಬಿಡುತ್ತದೆ, ಫಲಿತ ಅಂಡ ಬೆಳೆಯಲು ಶುರುಮಾಡುತ್ತದೆ.

ಈ ಕೆಲಸಕ್ಕೆ ಬರುವವರು ಮೊದಲು ಕಲಿಯಬೇಕಾದದ್ದು ನೀರಿನ ವಿಚಾರ. 1880ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಬಡಿಸುತ್ತಿದ್ದರು. ಆ ದ್ರಾವಣವನ್ನು ಮಾಡಿದ್ದು ನಲ್ಲಿ ನೀರಿನಲ್ಲಿ ಎಂಬುದು ಆಮೇಲೆ ತಿಳಿಯಿತು. ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿದಾಗ ಬಡಿತ ಕುಗ್ಗುತ್ತಾ ಬಂತು, ಕ್ಯಾಲ್ಸಿಯಂ ಸೇರಿಸಿದರೆ ಮರಳಿತು. ನಮ್ಮ ಇಡೀ ಕ್ಷೇತ್ರ ಹುಟ್ಟಿದ್ದೇ ನಲ್ಲಿ ನೀರಿನಿಂದ. ಪ್ರಯೋಗಾಲಯದ ಒಳ್ಳೆಯ ನೀರಿನಲ್ಲೂ, ಗಾಜಿನ ಪಾತ್ರೆಯಿಂದಲೋ ಲವಣಗಳಿಂದಲೋ ಬಂದು ಸೇರಿದ ಕೆಲವು ಮೈಕ್ರೋಮೋಲಾರ್ ಕ್ಯಾಲ್ಸಿಯಂ ಇರುತ್ತದೆ. ಕೋಶದ ವಿಶ್ರಾಂತಿ ಮಟ್ಟಕ್ಕೆ ಹೋಲಿಸಿದರೆ ಅದೇ ಹತ್ತಾರು ಪಟ್ಟು. ಆದ್ದರಿಂದ ಇಜಿಟಿಎ ಎಂಬ ರಾಸಾಯನಿಕ ಹಾಕಿ ಅದನ್ನು ಹಿಡಿದಿಡಬೇಕು, ಎಷ್ಟು ಉಳಿಯಿತೆಂದು ಲೆಕ್ಕ ಹಾಕಬೇಕು. ಹೊಸ ವಿದ್ಯಾರ್ಥಿಗಳಿಗೆ ನಾನು ಸೂಕ್ಷ್ಮದರ್ಶಕವನ್ನು ತೋರಿಸುತ್ತಿದ್ದುದು ಕೊನೆಗೆ. ಮೊದಲು ಬಫರ್ ಮಾಡಿಸುತ್ತಿದ್ದೆ.

ನೀರನ್ನು ಹೀಗೆ ನೋಡುವ ಅಭ್ಯಾಸ ಊರಿನವರೆಗೂ ಬಂತು. ಚಿಕ್ಕಬಳ್ಳಾಪುರ ಜಿಲ್ಲೆಯ ಎಷ್ಟೋ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟುತ್ತದೆ. ಅದು ಕರಗಿ ಬರುವುದು ಗ್ರಾನೈಟ್ ಬಂಡೆಯಿಂದ. ನೀರಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುತ್ತದೆ, ಇಲ್ಲದಿದ್ದರೆ ಫ್ಲೋರೈಡ್ ನೀರಲ್ಲೇ ಉಳಿಯುತ್ತದೆ. ಆ ನೀರು ಕುಡಿದು ಕಲೆಗಟ್ಟಿದ ಮಕ್ಕಳ ಹಲ್ಲುಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಶುದ್ಧ ನೀರಿನ ಘಟಕ ಕೆಟ್ಟು ನಿಂತ ಊರಲ್ಲಿ ಅದು ಯಂತ್ರದ ರಿಪೇರಿಯ ಪ್ರಶ್ನೆಯಷ್ಟೇ ಅಲ್ಲ, ಬೆಳೆಯುವ ಮೂಳೆಯ ಪ್ರಶ್ನೆ.

ಎರಡನೆಯ ಪಾಠ ಕಲಿಸಿದ್ದು ಹಣ್ಣಿನ ನೊಣ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್‌ನಲ್ಲಿ ಗೈತಿ ಹಸನ್ ಮತ್ತು ಅವರ ವಿದ್ಯಾರ್ಥಿಗಳು ಐಪಿ3 ಗ್ರಾಹಕ ಕೆಟ್ಟ ನೊಣಗಳ ಮೇಲೆ ಕೆಲಸ ಮಾಡಿದರು. ಐಪಿ3 ಎಂಬ ಸಣ್ಣ ಅಣು ಬಂದು ಕೂತಾಗ ಕೋಶದೊಳಗಿನ ದಾಸ್ತಾನಿನಿಂದ ಕ್ಯಾಲ್ಸಿಯಂ ಬಿಡುವ ಬಾಗಿಲು ಅದು. 2004ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ ಈ ನೊಣಗಳಿಗೆ ಹಾರಲು ಬರುವುದಿಲ್ಲ. 2006ರದ್ದು ನನ್ನನ್ನು ಇನ್ನೂ ಹೆಚ್ಚು ಕಾಡಿತು. ಕೆ. ಎಸ್. ಕೃಷ್ಣನ್ ಅವರ ಗುಂಪು ಅಧ್ಯಯನ ಮಾಡಿದ್ದ ಕುಂಭಕರ್ಣ ಎಂಬ ಇನ್ನೊಂದು ತಳಿಯಿತ್ತು. ಅದರಲ್ಲಿ ಕೆಟ್ಟಿರುವುದು ಕ್ಯಾಲ್ಸಿಯಂ ಎಳೆಯುವ ಪಂಪು. ಬಿಸಿ ತಾಗಿದರೆ ಆ ನೊಣ ನಿಶ್ಚೇಷ್ಟಿತವಾಗಿ ಬೀಳುತ್ತದೆ. ಹಾರಲಾರದ ನೊಣಕ್ಕೆ ಈ ದೋಷವನ್ನೂ ಸೇರಿಸಿದಾಗ ಹಾರಾಟ ಮರಳಿ ಬಂತು! ಎರಡು ದೋಷ ಕೂಡಿದರೆ ಇನ್ನಷ್ಟು ಕೆಡಬೇಕಲ್ಲವೇ ಎಂದು ಕೇಳುವವರು ಕೆರೆಯನ್ನು ನೆನೆಯಬೇಕು. ತೂಬಿನಿಂದ ಸಣ್ಣಗೆ ನೀರು ಬರುತ್ತಿದ್ದರೂ ಕಾಲುವೆಯಿಂದ ನೀರೆತ್ತುವ ಮೋಟರೂ ನಿಧಾನವಾದರೆ ಕಾಲುವೆಯಲ್ಲಿ ನೀರು ನಿಲ್ಲುತ್ತದೆ. ಅಲ್ಲಿಯವರೆಗೆ ನಾವೆಲ್ಲ ಬಾಗಿಲಿನ ಮೇಲೇ ಕಣ್ಣಿಟ್ಟಿದ್ದೆವು. ಆ ಪ್ರಬಂಧ ಓದಿದ ಮೇಲೆ ನನ್ನ ಮೇಜಿನ ಮೇಲಿನ ಪ್ರತಿ ಗ್ರಾಫಿನಲ್ಲೂ ಏರುವ ಗೆರೆಗಿಂತ ಇಳಿಯುವ ಗೆರೆಯನ್ನು ಹೆಚ್ಚು ಹೊತ್ತು ನೋಡತೊಡಗಿದೆ. ಎಷ್ಟು ಬೇಗ ಇಳಿಯಿತು, ಪೂರ್ತಿ ಇಳಿಯಿತೇ ಎಂಬುದರಲ್ಲಿ ಅರ್ಧ ಕತೆಯಿದೆ.

ಇನ್ನೊಂದು ಮಾತು ಸರಾಸರಿಯ ಬಗ್ಗೆ. 1985ರಲ್ಲಿ ರೋಜರ್ ಚಿಯೆನ್ ಮತ್ತು ಸಂಗಡಿಗರು ಪ್ರಕಟಿಸಿದ ಫ್ಯೂರಾ-2 ಬಣ್ಣದಿಂದ ಒಂದೊಂದೇ ಕೋಶವನ್ನು ಅಳೆಯುವುದು ಸುಲಭವಾಯಿತು. ಮರುವರ್ಷವೇ ಬೇರೆಯವರು ಇಲಿಯ ಯಕೃತ್ತಿನ ಒಂಟಿ ಕೋಶಗಳಲ್ಲಿ, ಇನ್ನೊಂದು ವಿಧಾನದಿಂದ, ಕ್ಯಾಲ್ಸಿಯಂ ಒಂದೇ ಸಲ ಏರಿ ನಿಲ್ಲದೆ ಮತ್ತೆ ಮತ್ತೆ ಮಿಡಿಯುವುದನ್ನು ತೋರಿಸಿದರು. ಕೋಶಗಳಿಗೆ ಕೊಡುವ ಹಾರ್ಮೋನು ಹೆಚ್ಚಾದಂತೆ ಮಿಡಿತ ಎತ್ತರವಾಗುವುದಿಲ್ಲ, ಬೇಗ ಬೇಗ ಬರುತ್ತದೆ. ಲಕ್ಷ ಕೋಶಗಳನ್ನು ಒಟ್ಟಿಗೆ ಅಳೆದರೆ ಈ ಮಿಡಿತ ಪೂರ್ತಿ ಅಳಿಸಿಹೋಗಿ ನುಣುಪಾದ ಗೆರೆ ಬರುತ್ತದೆ. ನುಣುಪಾದ ಗೆರೆ ಕಂಡರೆ ನನಗೆ ಇವತ್ತಿಗೂ ಅನುಮಾನ.

ಅತ್ತೆಗೆ ಕೊಡಬೇಕಿದ್ದ ಉಳಿದರ್ಧ ಉತ್ತರ ಹುಳು ಗೂಡು ಕಟ್ಟುವ ಅವರ ಚಂದ್ರಂಕಿಯಲ್ಲೇ ಇತ್ತು. ಐಪಿ3ರ ಕತೆಯನ್ನು ಕೇಂಬ್ರಿಡ್ಜಿನ ಮೈಕೆಲ್ ಬೆರಿಡ್ಜ್ ಬಿಡಿಸುತ್ತಾ ಹೋದದ್ದು ಒಂದು ಬಗೆಯ ನೊಣದ ಜೊಲ್ಲುಗ್ರಂಥಿಯಿಂದ. ಸೆರೊಟೋನಿನ್ ತಾಗಿಸಿದರೆ ಆ ಗ್ರಂಥಿ ದ್ರವ ಸುರಿಸುತ್ತದೆ, ಅದರ ಹಿಂದೆ ಕ್ಯಾಲ್ಸಿಯಂ ಇದೆ. 1983ರಲ್ಲಿ ಬೆರಿಡ್ಜ್ ಸೇರಿದಂತೆ ನಾಲ್ವರು, ಐಪಿ3 ಕೋಶದೊಳಗಿನ ದಾಸ್ತಾನಿನಿಂದ ಕ್ಯಾಲ್ಸಿಯಂ ಬಿಡಿಸುತ್ತದೆಂದು ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ ತೋರಿಸಿದರು. ರೇಷ್ಮೆ ಹುಳುವಿನ ರೇಷ್ಮೆಗ್ರಂಥಿಯೂ ಮೂಲದಲ್ಲಿ ಜೊಲ್ಲುಗ್ರಂಥಿಯೇ, ನೂಲಿಗಾಗಿ ಮಾರ್ಪಟ್ಟದ್ದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಬಿಚ್ಚಾಣಿಕೆ ಮನೆಗಳು, ನಮ್ಮ ಹೋಬಳಿಯ ಸೊಪ್ಪಿನ ತೋಟಗಳು ಎಲ್ಲವೂ ನಿಂತಿರುವುದು ಆ ಗ್ರಂಥಿಯ ಮೇಲೆ.

ಹಣ್ಣಾದ ಹುಳು ಚಂದ್ರಂಕಿಗೆ ಏರಿ ಎರಡು ಮೂರು ದಿನ ಬಿಡದೆ ನೂಲು ಸುತ್ತುತ್ತದೆ. ಆ ಹೊತ್ತಿನಲ್ಲಿ ಗ್ರಂಥಿಯ ಕೋಶಗಳೊಳಗೆ ಕ್ಯಾಲ್ಸಿಯಂ ಹೇಗೆ ನಡೆದುಕೊಳ್ಳುತ್ತದೆ? ಮಿಡಿಯುತ್ತದೆಯೇ, ಅಥವಾ ನಿಧಾನವಾಗಿ ಏರಿ ನಿಲ್ಲುತ್ತದೆಯೇ? ಗೂಡು ಸಡಿಲವಾದ ಹುಳುವಿನಲ್ಲಿ ಪಂಪು ಬೇರೆ ರೀತಿ ಓಡುತ್ತದೆಯೇ? ಇದನ್ನು ಕಣ್ಣಾರೆ ನೋಡುವ ಆಸೆ ನನಗೆ ಇನ್ನೂ ಇದೆ. ಶಿಡ್ಲಘಟ್ಟ, ಚಿಂತಾಮಣಿಯ ಕಾಲೇಜುಗಳಲ್ಲಿ ಬಯೋಕೆಮಿಸ್ಟ್ರಿ ಓದುತ್ತಿರುವ ಹುಡುಗ ಹುಡುಗಿಯರು ಯಾರಾದರೂ ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವುದಾದರೆ, ಗ್ರಂಥಿ ಬಿಡಿಸುವುದನ್ನು, ಬಫರ್ ಮಾಡುವುದನ್ನು ನಾನು ಕಲಿಸಿಕೊಡುತ್ತೇನೆ. ಐದನೇ ಹಂತದ ಹುಳು ಬೇಕಾದಷ್ಟು ನಮ್ಮ ಮನೆಯಲ್ಲೇ ಸಿಗುತ್ತದೆ.