ಮುದ್ದೇನಹಳ್ಳಿಯಿಂದ ವಿದುರಾಶ್ವತ್ಥಕ್ಕೆ

ಚಿಕ್ಕಬಳ್ಳಾಪುರದಿಂದ ನಂದಿಬೆಟ್ಟದ ಕಡೆಗೆ ಹೊರಟರೆ ಸ್ವಲ್ಪ ಹೊತ್ತಿನಲ್ಲಿಯೇ ಮುದ್ದೇನಹಳ್ಳಿ ಸಿಗುತ್ತದೆ. ಅದು ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಅವರ ಸಮಾಧಿ ಇರುವುದೂ ಅಲ್ಲಿಯೇ. ಗೌರಿಬಿದನೂರನ್ನು ದಾಟಿ ಮುಂದಕ್ಕೆ ಹೋದರೆ ಉತ್ತರ ಪಿನಾಕಿನಿಯ ದಡದಲ್ಲಿ ವಿದುರಾಶ್ವತ್ಥ ಕ್ಷೇತ್ರವಿದೆ. ನಾನು ಉಪಾಧ್ಯಾಯನಾಗಿದ್ದಾಗ ಒಮ್ಮೆ ಚಿಂತಾಮಣಿಯ ವಿದ್ಯಾರ್ಥಿಗಳನ್ನು ಒಂದೇ ದಿನದಲ್ಲಿ ಈ ಎರಡೂ ಸ್ಥಳಗಳಿಗೆ ಕರೆದೊಯ್ದಿದ್ದೆ. ಬೆಳಗ್ಗೆ ನೋಡಿದ್ದು ದಿವಾನರ ಮನೆ. ಸಂಜೆ ನೋಡಿದ್ದು ಗುಂಡೇಟಿಗೆ ಬಲಿಯಾದವರ ಸ್ಮಾರಕ. ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದರಿಂದ ಬರುತ್ತಿದ್ದ ಹುಡುಗಿಯೊಬ್ಬಳು ಆ ಸ್ಮಾರಕದ ಮುಂದೆ ನಿಂತು, "ಸಾರ್, ಅಂಥ ದಿವಾನರು ಆಳಿದ ಸೀಮೆಯಲ್ಲಿ ಜನಕ್ಕೆ ಇನ್ನೇನು ಬೇಕಾಗಿತ್ತು?" ಎಂದು ಕೇಳಿದಳು. ಆಗ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ.

ಪ್ರಶ್ನೆ ಉಚಿತವಾದುದೇ. ದಿವಾನರೆಂದರೆ ಮಹಾರಾಜರಿಂದ ನೇಮಕಗೊಂಡ ಮುಖ್ಯಾಧಿಕಾರಿ. ಅವರನ್ನು ಜನರು ಆರಿಸುತ್ತಿರಲಿಲ್ಲ. ವಿಶ್ವೇಶ್ವರಯ್ಯನವರು ಯಾವ ಚುನಾವಣೆಗೂ ನಿಲ್ಲದೆಯೇ 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಆ ಆರು ವರ್ಷಗಳಲ್ಲಿ ಕನ್ನಂಬಾಡಿಯ ಅಣೆಕಟ್ಟಿನ ಕಾರ್ಯ ಮುಂದುವರಿಯಿತು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡವು. ಇಷ್ಟು ಅಲ್ಪ ಕಾಲದಲ್ಲಿ ಇಷ್ಟನ್ನು ಸಾಧಿಸಿದ ಚುನಾಯಿತ ಸರ್ಕಾರಗಳು ವಿರಳವೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಜನರ ಮಾತಿಗೆ ಆ ಆಡಳಿತದಲ್ಲಿ ಸ್ಥಾನವೇ ಇರಲಿಲ್ಲವೆಂದು ಭಾವಿಸಬಾರದು. 1881ರಲ್ಲಿಯೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದ್ದರು. ಮೊದಲ ಸಭೆಗೆ ಬಂದ 144 ಮಂದಿ ಬಹುಮಟ್ಟಿಗೆ ಭೂಮಾಲೀಕರು ಮತ್ತು ವರ್ತಕರು. ದಸರಾ ಸಮಯದಲ್ಲಿ ಮೈಸೂರಿನಲ್ಲಿ ಸೇರಿ ದಿವಾನರ ಭಾಷಣವನ್ನು ಕೇಳುವುದು, ತಮ್ಮ ತಾಲ್ಲೂಕಿನ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳುವುದು ಅವರ ಕೆಲಸವಾಗಿತ್ತು. ಹತ್ತು ವರ್ಷಗಳ ಅನಂತರ, 1891ರಲ್ಲಿ, ಈ ಸಭೆಗೆ ಚುನಾವಣೆಯೂ ಬಂದಿತು. ಆದರೆ ಮತ ಹಾಕುವ ಹಕ್ಕು ಆಸ್ತಿಯೋ ವಿದ್ಯೆಯೋ ಇದ್ದ ಕೆಲವರಿಗೆ ಮಾತ್ರ. 1907ರಲ್ಲಿ ಶಾಸನಗಳನ್ನು ಪರಿಶೀಲಿಸಲು ನ್ಯಾಯವಿಧಾಯಕ ಸಭೆ ಹುಟ್ಟಿತು. ಅದರಲ್ಲಿ ನಾಮಕರಣಗೊಂಡವರೇ ಹೆಚ್ಚು. ಈ ಎರಡು ಸಭೆಗಳಲ್ಲಿ ಯಾವುದಕ್ಕೂ ದಿವಾನರನ್ನು ಅಧಿಕಾರದಿಂದ ಇಳಿಸುವ ಶಕ್ತಿಯಿರಲಿಲ್ಲ. ಅರಿಕೆ ಮಾಡುವುದು ಪ್ರಜೆಗಳದು, ನಡೆಸಿಕೊಡುವುದು ಅಥವಾ ಬಿಡುವುದು ದೊರೆತನದ್ದು.

ದೊಡ್ಡ ಮೇಧಾವಿಯ ಕಣ್ಣಿಗೂ ಕಾಣದ ಸಂಗತಿಗಳಿರುತ್ತವೆ. ಸರ್ಕಾರಿ ಹುದ್ದೆಗಳು ಒಂದೆರಡು ಸಮುದಾಯಗಳ ಪಾಲಾಗುತ್ತಿವೆಯೆಂದು 1917ರಲ್ಲಿ ಸ್ಥಾಪನೆಗೊಂಡ ಪ್ರಜಾಮಿತ್ರ ಮಂಡಳಿ ದನಿಯೆತ್ತಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಯೋಗ್ಯತೆಯೊಂದೇ ಅಳತೆಗೋಲಾಗಿರಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯನವರಿಗೆ ಇದು ಸಮ್ಮತವಾಗಲಿಲ್ಲ. ಆ ವರ್ಷದ ಕೊನೆಯಲ್ಲಿ ಅವರು ಅಧಿಕಾರವನ್ನು ತ್ಯಜಿಸಿದುದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣ. ಅವರ ಪ್ರಾಮಾಣಿಕತೆಯನ್ನು ಶಂಕಿಸಲಾಗದು. ಆದರೆ ಯೋಗ್ಯತೆಯನ್ನು ಗಳಿಸುವ ಶಾಲೆಯ ಬಾಗಿಲೇ ತಮಗೆ ತೆರೆದಿಲ್ಲವೆನ್ನುವ ನೋವನ್ನು ಹೊರಗೆ ನಿಂತವರೇ ಬಂದು ಹೇಳಬೇಕಾಯಿತು.

ಮುಂದೆ 1926ರಲ್ಲಿ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲರೂ ಸಾಮಾನ್ಯರಲ್ಲ. ಕೈಗಾರಿಕೆಗಳನ್ನು ಬೆಳೆಸಿದರು, ನಗರಗಳನ್ನು ಅಂದಗೊಳಿಸಿದರು. ಅವರ ಕಾಲದಲ್ಲಿಯೇ ಜವಾಬ್ದಾರಿ ಸರ್ಕಾರದ ಬೇಡಿಕೆ, ಎಂದರೆ ಮಂತ್ರಿಗಳು ಜನಪ್ರತಿನಿಧಿಗಳಿಗೆ ಉತ್ತರ ಹೇಳಬೇಕೆಂಬ ಬೇಡಿಕೆ, ಹಳ್ಳಿಹಳ್ಳಿಗೂ ಹಬ್ಬಿತು. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧವನ್ನು ಮೀರಿ ಕಾಂಗ್ರೆಸ್ಸಿನ ಧ್ವಜವನ್ನು ಹಾರಿಸಲಾಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕಾಗಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತಕ್ಕೂ ಹೆಚ್ಚು ಮಂದಿಯೆಂಬುದು ಜನರ ಲೆಕ್ಕ. ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂಬ ಹೆಸರು ಆ ಸ್ಥಳಕ್ಕೆ ಬಂದುದು ಹೀಗೆ. ಆಮೇಲೆ ಸರ್ದಾರ್ ಪಟೇಲರು ಮೈಸೂರಿಗೆ ಬಂದು ದಿವಾನರೊಡನೆ ಮಾತುಕತೆ ನಡೆಸಿದರು; ಧ್ವಜದ ಮೇಲಿನ ನಿಷೇಧ ಹೋಯಿತು. ಅಧಿಕಾರ ಮಾತ್ರ ಇದ್ದಲ್ಲಿಯೇ ಇತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ 'ಮೈಸೂರು ಚಲೋ' ಚಳವಳಿಯನ್ನು ನಡೆಸಿಯೇ ಅದನ್ನು ಪಡೆಯಬೇಕಾಯಿತು. 1947ರ ಅಕ್ಟೋಬರ್ 25ರಂದು ಇದೇ ಕೋಲಾರ ಸೀಮೆಯ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿಯವರು ಮುಖ್ಯಮಂತ್ರಿಗಳಾದರು.

ಚುನಾಯಿತರೆಲ್ಲ ವಿಶ್ವೇಶ್ವರಯ್ಯನವರಿಗಿಂತ ಉತ್ತಮ ಆಡಳಿತಗಾರರಾದರೆ? ಇಲ್ಲ. ಹಣಕ್ಕೆ ಮತ ಮಾರಿದವರನ್ನೂ, ಗೆದ್ದ ಮೇಲೆ ಊರಿಗೆ ಮುಖ ತೋರಿಸದವರನ್ನೂ ನಾನು ಕಂಡಿದ್ದೇನೆ. ನೇಮಕಕ್ಕೂ ಒಂದು ಸ್ಥಾನವುಂಟು: ನಮ್ಮ ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 11 ಮಂದಿಯನ್ನು ಸಾಹಿತ್ಯ, ಕಲೆ, ವಿಜ್ಞಾನ, ಸಹಕಾರ, ಸಮಾಜಸೇವೆಗಳಲ್ಲಿ ಪರಿಣತರಾದವರಿಂದ ರಾಜ್ಯಪಾಲರು ನಾಮಕರಣ ಮಾಡುತ್ತಾರೆ. ತಜ್ಞರ ಮಾತು ಸಭೆಗೆ ಬೇಕು. ಆದರೆ ತಪ್ಪು ನಡೆದಾಗ ಯಾರನ್ನು ಕೇಳಬೇಕು, ಕೇಳಿಯೂ ತಿದ್ದಿಕೊಳ್ಳದಿದ್ದರೆ ಏನು ಮಾಡಬೇಕು ಎಂಬಲ್ಲಿ ನೇಮಕದ ಆಡಳಿತ ಮೌನ ತಾಳುತ್ತದೆ. ಒಳ್ಳೆಯ ದಿವಾನರು ದೊರೆತುದು ಮೈಸೂರಿನ ಭಾಗ್ಯ. ಕೆಟ್ಟವರು ದೊರೆತಿದ್ದರೂ ನಮ್ಮ ಹಿರಿಯರು ದಸರೆಗೆ ಹೋಗಿ ಅರಿಕೆ ಮಾಡಿಕೊಂಡೇ ಬರಬೇಕಾಗಿತ್ತು.

ಇದು ಹಳೆಯ ಕಾಲದ ಮಾತಷ್ಟೇ ಆಗಿ ಉಳಿದಿಲ್ಲ. 2021ರಲ್ಲಿ ಅವಧಿ ಮುಗಿದ ಮೇಲೆ ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯದೆ, ಅವು ಆಡಳಿತಾಧಿಕಾರಿಗಳ ಕೈಗೆ ಹೋದವು. ಆ ಅಧಿಕಾರಿಗಳು ದಕ್ಷರಾಗಿದ್ದಿರಬಹುದು. ಅವರಿಗೆ ವರ್ಗವಾಗುತ್ತದೆ, ಮತ ಕೇಳುವುದಕ್ಕೆ ಅವರು ಮತ್ತೆ ನಮ್ಮ ಬಾಗಿಲಿಗೆ ಬರಬೇಕಾಗಿಲ್ಲ.

ಆ ದಿನ ಹಿಂದಿರುಗುವಾಗ ಬಸ್ಸಿನಲ್ಲಿ ಆ ಹುಡುಗಿ ನನ್ನ ಪಕ್ಕದಲ್ಲಿಯೇ ಕುಳಿತಿದ್ದಳು. ನಿಮ್ಮೂರಿನಲ್ಲಿ ನೀರು ಬಾರದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದೆ. "ಪಂಚಾಯತಿ ಮೆಂಬರ ಮನೆ ನಮ್ಮ ಮನೆಯ ಹಿಂದೇನೇ ಸಾರ್. ನಮ್ಮಜ್ಜಿ ಖಾಲಿ ಬಿಂದಿಗೆ ತಗೊಂಡು ಹೋಗಿ ಅವರ ಜಗಲಿ ಮೇಲೆ ಕೂತ್ಕೋತಾರೆ" ಎಂದಳು. ನೀರು ಬರುತ್ತದೆಯೇ ಎಂದೆ. "ಒಂದೊಂದು ಸಲ ಬರುತ್ತೆ, ಒಂದೊಂದು ಸಲ ಇಲ್ಲ. ಬರದಿದ್ದರೆ ಅಜ್ಜಿ ಮಾರನೇ ದಿವಸವೂ ಹೋಗ್ತಾರೆ" ಎಂದು ನಕ್ಕಳು.