ಭಯಾನಕ ರಸವೂ ಕಂತಿನ ಕಥೆಯೂ

ದೀಪ ಹಚ್ಚಿದ ಮೇಲೆ ಅಜ್ಜಿಯ ಸುತ್ತ ಕುಳಿತು ದೆವ್ವದ ಕಥೆ ಕೇಳುವುದು ನಮ್ಮ ಹಳ್ಳಿಗಳಲ್ಲಿ ತಲೆತಲಾಂತರದಿಂದ ನಡೆದು ಬಂದ ರೂಢಿ. ಇಂದು ಸಮಡೋಳಿಯಂಥ ಊರಿನಲ್ಲಿಯೂ ಅಜ್ಜಿಯ ಸ್ಥಾನವನ್ನು ಅಂಗೈಯಗಲದ ಮೊಬೈಲು ಬಹುಮಟ್ಟಿಗೆ ಆಕ್ರಮಿಸಿದೆ. ಹದಿಹರೆಯದವರನ್ನೇ ಪಾತ್ರಗಳನ್ನಾಗಿ ಮಾಡಿಕೊಂಡು, ಅಲ್ಪ ವೆಚ್ಚದಲ್ಲಿ ತಯಾರಾಗಿ, ಕಂತುಕಂತಾಗಿ ಹೊರಬರುವ ಭಯಾನಕ ವೆಬ್ ಸರಣಿಗಳನ್ನು ವಿದ್ಯಾರ್ಥಿಗಳು ಬಹು ಆಸಕ್ತಿಯಿಂದ ನೋಡುತ್ತಾರೆ. ಹಿರಿಯರು ಇದನ್ನು ಕಾಲಹರಣವೆಂದು ಗದರಿಸಿ ಸುಮ್ಮನಾಗುವುದುಂಟು. ಗದರಿಕೆಯಿಂದ ಆಸಕ್ತಿ ಅಡಗಲಾರದು. ಕಥೆಯ ಸ್ವರೂಪವನ್ನು ತಿಳಿದರೆ ವಿವೇಕವಾದರೂ ಬೆಳೆದೀತು. ಆದುದರಿಂದ ಇಂಥ ಕಥೆಯನ್ನು ಹೇಗೆ ಕಟ್ಟುತ್ತಾರೆ, ಅದು ಎಲ್ಲಿ ಎಲ್ಲೆ ಮೀರುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

೧. ಭಯವೂ ಭಯಾನಕವೂ

ಹಾವನ್ನು ತುಳಿದವನಿಗೆ ಆಗುವುದು ಭಯ. ರಂಗದ ಮೇಲಿನ ರಾಕ್ಷಸನನ್ನು ಕಂಡು ಮೈ ನವಿರೇಳುವುದು ಭಯಾನಕ ರಸ. ಭರತನ ನಾಟ್ಯಶಾಸ್ತ್ರವು ಎಣಿಸಿದ ರಸಗಳಲ್ಲಿ ಇದೂ ಒಂದು. ಭಯವು ಇದರ ಸ್ಥಾಯೀಭಾವ. ಮೊದಲನೆಯದರಿಂದ ನಾವು ಓಡಿಹೋಗುತ್ತೇವೆ. ಎರಡನೆಯದಕ್ಕಾಗಿ ರಾತ್ರಿಯೆಲ್ಲ ಎಚ್ಚರವಾಗಿ ಕೂಡುತ್ತೇವೆ. ಇದಕ್ಕೆ ಕಾರಣವೇನು? ‘ಇದು ಆಟ, ನಾನು ಸುರಕ್ಷಿತ’ ಎಂಬ ಅರಿವು ಪ್ರೇಕ್ಷಕನ ಮನಸ್ಸಿನಲ್ಲಿ ಸದಾ ಇರುತ್ತದೆ. ಆ ಅರಿವು ಇರುವ ತನಕ ಭಯವೂ ಸವಿಯಾಗುತ್ತದೆ. ಅದು ಹೋಯಿತೆಂದರೆ ಉಳಿಯುವುದು ಬರಿಯ ಅಂಜಿಕೆ. ಮುಂದಿನ ಮಾತಿಗೆಲ್ಲ ಇದೇ ಆಧಾರ.

೨. ಮರೆಯ ಬಲ

ಹೆದರಿಸಲು ಹೆಚ್ಚು ಹಣ ಬೇಕಿಲ್ಲ. ಯಕ್ಷಗಾನದಲ್ಲಿ ರಾಕ್ಷಸನ ಬಣ್ಣದ ವೇಷವು ಮೊದಲು ತೆರೆಯ ಹಿಂದೆ ಬರುತ್ತದೆ. ಚಂಡೆಯ ಬಡಿತ ಕೇಳುತ್ತದೆ, ಆರ್ಭಟ ಕೇಳುತ್ತದೆ. ಮುಖ ಮಾತ್ರ ಒಮ್ಮೆಲೆ ಕಾಣುವುದಿಲ್ಲ. ಬೇಕಾದುದು ಒಂದು ಬಟ್ಟೆ. ಉಳಿದುದನ್ನೆಲ್ಲ ನೋಡುವವನ ಕಲ್ಪನೆಯೇ ತುಂಬುತ್ತದೆ.

ಈ ಕಲೆಗೂ ನಮ್ಮ ಜಿಲ್ಲೆಗೂ ಹಳೆಯ ನಂಟಿದೆ. ೧೮೪೨ರಲ್ಲಿ ಹೊನ್ನಾವರದ ಬಳಿಯ ಕರ್ಕಿಯ ಭಾಗವತರ ಮೇಳವು ಸಾಂಗಲಿಗೆ ಬಂದು ಆಟವಾಡಿತು. ಅದನ್ನು ಕಂಡ ಸಂಸ್ಥಾನಾಧಿಪತಿ ಚಿಂತಾಮಣರಾವ್ ಪಟವರ್ಧನರ ಪ್ರೋತ್ಸಾಹದಿಂದ ವಿಷ್ಣುದಾಸ ಭಾವೆಯವರು ೧೮೪೩ರಲ್ಲಿ ‘ಸೀತಾಸ್ವಯಂವರ’ವನ್ನು ಆಡಿಸಿದರು; ಮರಾಠಿ ರಂಗಭೂಮಿಯ ಆರಂಭವನ್ನು ಅಲ್ಲಿಂದಲೇ ಎಣಿಸುತ್ತಾರೆ. ಆ ಕಾಲದ ಪೌರಾಣಿಕ ನಾಟಕಗಳಲ್ಲಿ ರಾಕ್ಷಸ ಪಾತ್ರಗಳು ಕೂಗಿ ಅಬ್ಬರಿಸುತ್ತ ರಂಗ ಪ್ರವೇಶಿಸುತ್ತಿದ್ದವು.

ಇಂದಿನ ಅಲ್ಪವೆಚ್ಚದ ಚಿತ್ರಗಳೂ ಇದೇ ಮರೆಯನ್ನು ಆಶ್ರಯಿಸಿವೆ. ೧೯೯೯ರ ಅಮೆರಿಕದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಚಿತ್ರದಲ್ಲಿ ಕಾಡಿನ ಮಾಟಗಾತಿ ಕಡೆಯವರೆಗೂ ಕಾಣಿಸುವುದಿಲ್ಲ. ಕನ್ನಡದಲ್ಲಿ ೨೦೧೩ರಲ್ಲಿ ತೆರೆಕಂಡ ‘೬-೫=೨’ ಎಂಬ ಚಿತ್ರವು ಚಾರಣಕ್ಕೆ ಹೋದ ಆರು ಮಂದಿ ಗೆಳೆಯರ ಕಥೆ; ಅವರೇ ಹಿಡಿದ ಕ್ಯಾಮರಾದಿಂದ ಚಿತ್ರಿತವಾದಂತೆ ಅದನ್ನು ನಿರೂಪಿಸಲಾಗಿದೆ. ಅಲುಗುವ ಚಿತ್ರ, ಕತ್ತಲೆ, ಏದುಸಿರು ಇಲ್ಲಿ ದೋಷಗಳೆನಿಸದೆ ಕಥೆಯ ಸಾಧನಗಳಾಗಿವೆ.

೩. ಕಂತಿನ ಬಲ

ಎರಡನೆಯ ಸಾಧನ, ಸರಿಯಾದ ಜಾಗದಲ್ಲಿ ನಿಲ್ಲಿಸುವುದು. ಇದಕ್ಕೆ ನಮ್ಮಲ್ಲಿ ಬೇತಾಳನೇ ಆದಿಗುರು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ಬರೆದ ‘ಕಥಾಸರಿತ್ಸಾಗರ’ದಲ್ಲಿ ಬೇತಾಳನ ಕಥೆಗಳು ಅಡಕವಾಗಿವೆ. ಸ್ಮಶಾನ, ಮರ, ಹೆಗಲ ಮೇಲಿನ ಹೆಣ: ಸನ್ನಿವೇಶ ಪ್ರತಿ ಸಲವೂ ಒಂದೇ. ಕಥೆಯ ಕೊನೆಗೆ ಒಂದು ಪ್ರಶ್ನೆ. ತಿಳಿದೂ ಉತ್ತರಿಸದಿದ್ದರೆ ತಲೆ ಸಿಡಿದೀತು, ಉತ್ತರಿಸಿದರೆ ಹೆಣ ಮರಕ್ಕೆ ಹಾರೀತು. ರಾಜನು ಮತ್ತೆ ಮರದ ಕಡೆ ನಡೆಯಬೇಕು, ನಾವೂ ಮತ್ತೆ ಕೇಳಬೇಕು. ‘ಚಂದಮಾಮ’ ಪತ್ರಿಕೆಯು ಇದೇ ಚೌಕಟ್ಟಿನೊಳಗೆ ಹೊಸ ಹೊಸ ಕಥೆಗಳನ್ನು ಸೇರಿಸುತ್ತ ದಶಕಗಳ ಕಾಲ ಮಕ್ಕಳನ್ನು ಕಾಯಿಸಿತು. ೧೯೮೫ರಲ್ಲಿ ರಾಮಾನಂದ ಸಾಗರರು ದೂರದರ್ಶನಕ್ಕಾಗಿ ಇದನ್ನೇ ಹಿಂದಿಯಲ್ಲಿ ಧಾರಾವಾಹಿಯಾಗಿಸಿದರು.

ಅಂತರ್ಜಾಲದಲ್ಲಿ ಈ ವಿಧಾನ ಮರುಹುಟ್ಟು ಪಡೆಯಿತು. ೨೦೦೯ರಿಂದ ೨೦೧೪ರವರೆಗೆ ಅಮೆರಿಕದ ಕೆಲವು ಯುವಕರು ಯೂಟ್ಯೂಬಿನಲ್ಲಿ ‘ಮಾರ್ಬಲ್ ಹಾರ್ನೆಟ್ಸ್’ ಎಂಬ ಸರಣಿಯನ್ನು ಕಿರುಕಂತುಗಳಲ್ಲಿ ಹೊರತಂದರು. ಗೆಳೆಯನೊಬ್ಬ ಅರ್ಧಕ್ಕೆ ಬಿಟ್ಟ ಚಿತ್ರದ ಟೇಪುಗಳನ್ನು ಒಂದೊಂದಾಗಿ ನೋಡುತ್ತ ಹೋಗುವುದೇ ಅದರ ಕಥಾಸೂತ್ರ. ಕನ್ನಡದಲ್ಲಿಯೂ ೨೦೨೫ರಲ್ಲಿ ಜೀ೫ ವೇದಿಕೆಯು ‘ಅಯ್ಯನ ಮನೆ’ ಎಂಬ ಕಿರುಸರಣಿಯನ್ನು ಪ್ರಕಟಿಸಿತು. ಒಂದೇ ಮನೆ, ಒಂದೇ ಕುಟುಂಬ, ಸೊಸೆಯಂದಿರ ಸಾವಿನ ರಹಸ್ಯ. ಪ್ರತಿ ಕಂತು ಆ ರಹಸ್ಯವನ್ನು ಸ್ವಲ್ಪವೇ ಬಿಡಿಸುತ್ತದೆ.

೪. ಎಲ್ಲೆ ಮೀರಿದಾಗ

ಮೂರನೆಯ ಸಾಧನವೊಂದಿದೆ, ಅದು ಅಪಾಯಕರ. ‘ಇದು ನಿಜವಾಗಿ ನಡೆದದ್ದು’ ಎಂದು ನಂಬಿಸುವುದೇ ಅದು. ‘ಬ್ಲೇರ್ ವಿಚ್’ ಚಿತ್ರದ ಪ್ರಚಾರದಲ್ಲಿ ಪಾತ್ರಗಳು ನಿಜವಾಗಿಯೇ ಕಾಣೆಯಾದರೆಂದು ಸಾರಲಾಗಿತ್ತು. ಕರ್ನಾಟಕದಲ್ಲಿ ೧೯೯೦ರ ದಶಕದಲ್ಲಿ ಹೆಣ್ಣು ದೆವ್ವವೊಂದು ರಾತ್ರಿ ಬಾಗಿಲು ಬಡಿದು, ಮನೆಯವರ ದನಿಯಲ್ಲಿ ಕರೆಯುತ್ತದೆಂಬ ವದಂತಿ ಹಬ್ಬಿದಾಗ, ಜನರು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಅದನ್ನೋದಿ ಹಿಂದಿರುಗುವುದಂತೆ, ಮರುದಿನ ಬಂದರೆ ಮತ್ತೆ ಅದೇ ಬರಹ! ಎಂದೂ ಮುಗಿಯದ ಕಂತಿನ ಕಥೆಯಿದು. ಕೇಳುವವರಿಗೆ ನಗು ಬಂದೀತು. ಆದರೆ ಆ ರಾತ್ರಿಗಳಲ್ಲಿ ಮಕ್ಕಳು ಅನುಭವಿಸಿದ್ದು ರಸವಲ್ಲ, ಅಂಜಿಕೆ.

ಇದಕ್ಕಿಂತ ಘೋರವಾದುದು ೨೦೧೪ರಲ್ಲಿ ನಡೆಯಿತು. ಅಂತರ್ಜಾಲದಲ್ಲಿ ೨೦೦೯ರಲ್ಲಿ ಹುಟ್ಟಿದ ‘ಸ್ಲೆಂಡರ್ ಮ್ಯಾನ್’ ಎಂಬ ಮುಖವಿಲ್ಲದ ಕಾಲ್ಪನಿಕ ಮನುಷ್ಯನನ್ನು ನಿಜವೆಂದು ನಂಬಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಇಬ್ಬರು ಹನ್ನೆರಡು ವರ್ಷದ ಬಾಲಕಿಯರು ತಮ್ಮ ಗೆಳತಿಯನ್ನೇ ಹತ್ತೊಂಬತ್ತು ಸಲ ಇರಿದರು. ಆಕೆ ಬದುಕಿದ್ದು ದೊಡ್ಡ ಪುಣ್ಯ. ಕಥೆಯೊಂದೇ ಇದಕ್ಕೆ ಕಾರಣವಲ್ಲ. ತಪ್ಪಿತಸ್ಥರಲ್ಲಿ ಮನೋರೋಗವಿತ್ತೆಂಬುದು ನ್ಯಾಯಾಲಯದಲ್ಲಿ ವಿಚಾರಕ್ಕೆ ಬಂದಿತು. ಆದರೂ ಮಗು ಒಂಟಿಯಾಗಿ ಏನನ್ನು ನೋಡುತ್ತಿದೆ, ಅದನ್ನು ಎಷ್ಟರ ಮಟ್ಟಿಗೆ ನಂಬುತ್ತಿದೆ ಎಂದು ವಿಚಾರಿಸುವ ಹಿರಿಯರು ಬಳಿಯಲ್ಲಿರಬೇಕೆಂಬ ಪಾಠವನ್ನು ನಾವು ಮರೆಯುವಂತಿಲ್ಲ. ಅಜ್ಜಿ ಕಥೆ ಹೇಳುವಾಗ ಹೆದರಿದ ಮಗುವಿಗೆ ಅವಳ ಮಡಿಲೂ ಇತ್ತು, ಮೊಬೈಲಿಗೆ ಮಡಿಲಿಲ್ಲ.

೫. ಉಪಸಂಹಾರ

ಬೇತಾಳನ ಕಥೆಯ ಕೊನೆಯನ್ನು ನೆನೆಯಿರಿ. ಕಡೆಯ ಪ್ರಶ್ನೆಗೆ ಉತ್ತರ ತಿಳಿಯದೆ ರಾಜನು ಮೌನವಾಗಿ ನಡೆದಾಗ ಬೇತಾಳನು ಮೆಚ್ಚಿ, ಹೆಣವನ್ನು ತರಹೇಳಿದ ಭಿಕ್ಷುವಿನ ಕಪಟವನ್ನು ತಿಳಿಸಿ ರಾಜನ ಪ್ರಾಣ ಉಳಿಸುತ್ತಾನೆ. ಹೆದರಿಸಿದವನೇ ಹಿತೈಷಿಯಾದನು. ಅವನು ಪ್ರತಿ ಕಥೆಯಲ್ಲಿಯೂ ನ್ಯಾಯಾನ್ಯಾಯವನ್ನು ಕೇಳುತ್ತಿದ್ದನೇ ಹೊರತು, ಬುದ್ಧಿಯನ್ನು ಬದಿಗಿಡೆಂದು ಹೇಳಲಿಲ್ಲ. ಒಳ್ಳೆಯ ಭಯಾನಕ ಕಥೆಯ ಲಕ್ಷಣವೂ ಅಷ್ಟೇ. ವಿದ್ಯಾರ್ಥಿಗಳು ಇಂಥ ಸರಣಿಯನ್ನು ನೋಡಲಿ, ಸಾಧ್ಯವಾದರೆ ತಾವೇ ಒಂದನ್ನು ರಚಿಸಲಿ. ಆದರೆ ಕಲ್ಪನೆಯನ್ನು ಕಲ್ಪನೆಯೆಂದೇ ಸಾರಲಿ, ಊರಿನ ಯಾವ ಮನೆಗೂ ಯಾವ ಹೆಣ್ಣುಮಗಳಿಗೂ ದೆವ್ವದ ಹೆಸರು ಅಂಟಿಸದಿರಲಿ.

ಅಭ್ಯಾಸ

(೧) ಭಯಕ್ಕೂ ಭಯಾನಕ ರಸಕ್ಕೂ ಇರುವ ಭೇದವನ್ನು ಸ್ವಂತ ಉದಾಹರಣೆಯಿಂದ ವಿವರಿಸಿರಿ.
(೨) ನೀವು ನೋಡಿದ ಒಂದು ಸರಣಿಯ ಮೊದಲ ಕಂತು ಎಲ್ಲಿ ನಿಂತಿತು? ಅಲ್ಲಿಯೇ ಏಕೆ ನಿಂತಿತು?
(೩) ಹಿರಿಯರಿಂದ ಒಂದು ದೆವ್ವದ ಕಥೆ ಕೇಳಿ, ದೆವ್ವವನ್ನು ಎಲ್ಲಿಯೂ ತೋರಿಸದೆ, ಮೂರು ಕಂತುಗಳಲ್ಲಿ ಬರೆಯಿರಿ.