ಜ್ವರ ಬಿಟ್ಟಿದೆ, ನಡುಕ ಬಿಟ್ಟಿಲ್ಲ

ಪ್ರಶ್ನೆ: ನಾನು 42 ವರ್ಷದ ಅಡಿಕೆ ಕೊನೆಗಾರ. ಜನವರಿಯಲ್ಲಿ ಮಂಗನ ಕಾಯಿಲೆಯಾಗಿ ಆಸ್ಪತ್ರೆ ಸೇರಿದ್ದೆ. ಜ್ವರ ಬಿಟ್ಟು ಒಂದೂವರೆ ತಿಂಗಳಾದರೂ ಕೈ ನಡುಗುತ್ತದೆ, ದರೆ ಹತ್ತಿದರೆ ಕಾಲು ಸೋಲುತ್ತದೆ. ಹುಮ್ಮಸ್ಸಿನಲ್ಲಿ ಒಂದು ದಿನ ಕೆಲಸಕ್ಕೆ ಹೋದರೆ ಮರುದಿನ ಏಳಲಾಗುವುದಿಲ್ಲ. ಮನೆಯಲ್ಲಿ ಸೋಮಾರಿತನ ಅನ್ನುತ್ತಾರೆ. ಒಳ್ಳೆಯ ಟಾನಿಕ್ ತಿಳಿಸಿ.
– ಓದುಗ, ಕೊಪ್ಪ ತಾಲ್ಲೂಕು

ಉತ್ತರ: ಸೋಮಾರಿತನವಲ್ಲ, ಇದನ್ನು ಮನೆಯವರಿಗೂ ಓದಿ ಹೇಳಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆಯ ವೈರಸ್ ಕೆಲವರಲ್ಲಿ ನರಮಂಡಲವನ್ನೂ ಮುಟ್ಟುತ್ತದೆ. ಜ್ವರ ಇಳಿದ ಮೇಲೂ ಸುಸ್ತು, ನಡುಕ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಉಳಿಯುವುದುಂಟು. ಇದಕ್ಕೆ ಟಾನಿಕ್ ಇಲ್ಲ.

ಎಷ್ಟು ದುಡಿಯಬಹುದು ಎಂಬುದನ್ನು ಮರುದಿನದ ಮೈ ಹೇಳುತ್ತದೆ. ಅಂಗಳದ ಸಮ ನೆಲದಲ್ಲಿ ಐದು ನಿಮಿಷ ನಡೆಯಿರಿ. ಮರುದಿನ ಸುಸ್ತು ಹೆಚ್ಚದಿದ್ದರೆ ಮೂರ್ನಾಲ್ಕು ದಿನ ಅಷ್ಟೇ ನಡೆದು, ಆಮೇಲೆ ಎರಡು ನಿಮಿಷ ಸೇರಿಸಿ, ಹೆಚ್ಚಿದರೆ ಅರ್ಧಕ್ಕಿಳಿಸಿ. ಹುಮ್ಮಸ್ಸು ಬಂದ ದಿನವೇ ಎಚ್ಚರ ಬೇಕು. ಕಾಲಿಗೆ ಬಲ ಬರಲು ಕುರ್ಚಿಯಿಂದ ನಿಧಾನಕ್ಕೆ ಎದ್ದು ಕೂರಿ, ಐದು ಸಲ ಸಾಕು.

ನಡುಕ ನಿಲ್ಲುವವರೆಗೆ ಮರ ಹತ್ತುವ ಮಾತೇ ಬೇಡ. ಮೆಟ್ಟುಗತ್ತಿ, ಬೈಕು ಕೂಡ ಬೇಡ. ಕೂತು ಅಡಿಕೆ ಆರಿಸುವಂಥ ಕೆಲಸ, ಅದೂ ನಡುನಡುವೆ ವಿಶ್ರಾಂತಿ ಇದ್ದರೆ, ಆಗಬಹುದು. ಕೊನೆ ತೆಗೆಯುವ ಕೂಲಿ ಇದರಲ್ಲಿ ಹುಟ್ಟುವುದಿಲ್ಲ, ನಿಜ. ಅದಕ್ಕೆ ನನ್ನ ಬಳಿ ಔಷಧಿಯಿಲ್ಲ.

ಬಿಡುಗಡೆ ಚೀಟಿ ಹಿಡಿದು ಒಮ್ಮೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಲಿವರ್, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ. ಎಲ್ಲ ಸುಸ್ತನ್ನೂ ಮಂಗನ ತಲೆಗೆ ಕಟ್ಟುವುದು ಸರಿಯಲ್ಲ. ನಡುಕಕ್ಕೆ ನರರೋಗ ತಜ್ಞರು, ಫಿಸಿಯೋಥೆರಪಿ ಎಲ್ಲಿ ಸಿಗುತ್ತದೆಂದು ಅಲ್ಲೇ ಕೇಳಿ. ಮೈಕೈ ನೋವಿಗೆ ನೀವೇ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಹೆಂಡವಂತೂ ಬೇಡವೇ ಬೇಡ. ಜ್ವರ ಮರುಕಳಿಸಿದರೆ, ತಲೆನೋವು ವಿಪರೀತವಾದರೆ, ಕುತ್ತಿಗೆ ಸೆಟೆದರೆ, ಕಣ್ಣು ಮಂಜಾದರೆ, ಮಾತು ತಡವರಿಸಿದರೆ ಅಂದೇ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಯಜಮಾನರಿಗೆ ಮಂಗನ ಕಾಯಿಲೆ ಬಂದು ಹೋಗಿದೆ. ತಟ್ಟೆ, ಹಾಸಿಗೆ ಬೇರೆ ಇಡಬೇಕೆ?
– ಗೃಹಿಣಿ, ನರಸಿಂಹರಾಜಪುರ

ಉತ್ತರ: ಬೇಡಮ್ಮ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಉಣುಗು ಕಚ್ಚಿದರೆ ಬರುತ್ತದೆ. ಕೊಪ್ಪ, ಶೃಂಗೇರಿ, ನಿಮ್ಮೂರು ಎಲ್ಲ ಕಡೆಯೂ ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಟ. ಕೊಟ್ಟಿಗೆಗೆ ದರಕು ತರಲು ಕಾಡಿಗೆ ಹೋಗುವುದೇ ಆದರೆ ಕೈಕಾಲಿಗೆ ಉಣುಗು ದೂರವಿಡುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ. ಎಣ್ಣೆ ಎಲ್ಲಿ ಸಿಗುತ್ತದೆಂದು ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ತಿಳಿಸುತ್ತಾರೆ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ.